ಜನವರಿ ಪುಟಕ್ಕೆ ಎಷ್ಟು ಹಿಮ ಬೇಕು?

ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಬೆಟ್ಟ, ಸರೋವರಗಳ ಫೋಟೋ ತೆಗೆಯುವುದು ನನ್ನ ಕೆಲಸ. ಕ್ಯಾಲೆಂಡರ್, ಗ್ರೀಟಿಂಗ್ ಕಾರ್ಡ್, ಬಾಡಿಗೆ ಕಾಟೇಜುಗಳ ಜಾಹೀರಾತು, ಇಂಥವಕ್ಕೆ. ಚಳಿಗಾಲದ ಚಿತ್ರ ಅಂದರೆ ಎಲ್ಲರೂ ಕೇಳುವುದು ಒಂದೇ. ಹಿಮ ಹೊದ್ದ ಬೆಟ್ಟ, ಕೆಳಗೆ ಸರೋವರ, ಅದರಲ್ಲಿ ಬೆಟ್ಟದ ಪ್ರತಿಬಿಂಬ, ಜೊತೆಗೆ ನೀರಿನ ಅಂಚಿನವರೆಗೂ ಬಿಳಿ ಇರಬೇಕು. ಈ ಕೊನೆಯದು ತಲೆನೋವು. ಅದು ಸಿಗುವುದು ಕಷ್ಟ ಅಂತ ಕೆಲಸ ಒಪ್ಪಿಕೊಳ್ಳುವಾಗಲೇ ಹೇಳಬೇಕು, ಯಾಕೆ ಅಂತ ಬಿಡಿಸಿ ಹೇಳಬೇಕು. ಈ ವೃತ್ತಿ ನನಗೆ ಕಲಿಸಿದ್ದರಲ್ಲಿ ಅದೇ ದೊಡ್ಡದು.

ಇಲ್ಲಿನ ಬೆಟ್ಟಗಳು ಅಂಥ ಎತ್ತರವಿಲ್ಲ. ಇಂಗ್ಲೆಂಡಿಗೆಲ್ಲ ಎತ್ತರವಾದ ಸ್ಕಾಫೆಲ್ ಪೈಕ್ 978 ಮೀಟರ್, ನಮ್ಮ ಮುಳ್ಳಯ್ಯನಗಿರಿಯ ಹೆಚ್ಚುಕಡಿಮೆ ಅರ್ಧ. ಊರಿನ ಗೆಳೆಯರು ಇದನ್ನು ಕೇಳಿ ನಗುತ್ತಾರೆ. ಜನವರಿಯಲ್ಲಿ ಹೆಲ್ವೆಲಿನ್ ಬೆಟ್ಟದ ಸ್ಟ್ರೈಡಿಂಗ್ ಎಡ್ಜ್ ಎಂಬ ಕಿರಿದಾದ ಬಂಡೆಯೇಣಿನ ಮೇಲೆ ಗಾಳಿಗೆ ಸಿಕ್ಕಿದರೆ ಯಾರೂ ನಗುವುದಿಲ್ಲ, ಅದು ಬೇರೆ ಮಾತು. ಸರೋವರಗಳಂತೂ ಇನ್ನೂ ತಗ್ಗಿನಲ್ಲಿವೆ. ಡರ್ವೆಂಟ್‌ವಾಟರ್ ಸಮುದ್ರಮಟ್ಟದಿಂದ ಸುಮಾರು 75 ಮೀಟರ್, ವಿಂಡರ್ಮಿಯರ್ 40 ಮೀಟರಿಗೂ ಕಮ್ಮಿ. ಅಟ್ಲಾಂಟಿಕ್ ಕಡೆಯಿಂದ ಬೀಸುವ ಗಾಳಿಯಲ್ಲಿ ತೇವ ಜಾಸ್ತಿ, ಕೊರೆತ ಕಮ್ಮಿ. ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಕೆಜಿಕ್ ಊರಿನಲ್ಲಿ 4 ಡಿಗ್ರಿ ಇದ್ದರೆ 950 ಮೀಟರಿನ ಹೆಲ್ವೆಲಿನ್ ತುದಿಯಲ್ಲಿ ಮೈನಸ್ 2ರ ಆಸುಪಾಸು. ಮೇಲೆ ಹಿಮ ಬೀಳುವ ಹೊತ್ತಿಗೇ ಕೆಳಗೆ ಬರೀ ಮಳೆ.

"ಅಷ್ಟು ಚಳಿ ಅಂತೀಯ, ಆ ಕೆರೆಗಳು ಗಟ್ಟಿಯಾಗಲ್ವೇನೋ?" ಅಂತ ಅಮ್ಮ ಪ್ರತಿ ವರ್ಷ ಫೋನಿನಲ್ಲಿ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ನೀರು 4 ಡಿಗ್ರಿಯಲ್ಲಿ ಅತಿ ಭಾರ. ಮೇಲಿನ ನೀರು ತಣ್ಣಗಾದಂತೆ ಕೆಳಗಿಳಿಯುತ್ತದೆ, ಕೆಳಗಿನದು ಮೇಲೆ ಬರುತ್ತದೆ. ಸರೋವರ ಪೂರ್ತಿ 4 ಡಿಗ್ರಿಗೆ ಬಂದ ಮೇಲಷ್ಟೇ ಮೇಲ್ಪದರ ಹೆಪ್ಪುಗಟ್ಟುವ ಮಾತು. ವಾಸ್ಟ್‌ವಾಟರ್ 70 ಮೀಟರಿಗಿಂತ ಆಳ, ಇಂಗ್ಲೆಂಡಿನ ಸರೋವರಗಳಲ್ಲೇ ಹೆಚ್ಚು. ಅಷ್ಟು ನೀರು ತಣ್ಣಗಾಗುವಷ್ಟರಲ್ಲಿ ಚಳಿಗಾಲವೇ ಕಳೆದಿರುತ್ತದೆ. ವಿಂಡರ್ಮಿಯರ್ ಹೆಪ್ಪುಗಟ್ಟಿ ಜನ ಅದರ ಮೇಲೆ ಓಡಾಡಿದ 1895 ಮತ್ತು 1963ರ ಚಳಿಗಾಲಗಳನ್ನು ಇಲ್ಲಿ ಇನ್ನೂ ನೆನೆಯುತ್ತಾರೆ. ನನಗಂತೂ ಹೆಪ್ಪುಗಟ್ಟದಿದ್ದರೇ ಲಾಭ. ಮಂಜುಗಡ್ಡೆಯಲ್ಲಿ ಪ್ರತಿಬಿಂಬ ಎಲ್ಲಿಂದ ಬರಬೇಕು?

ಹೀಗಾಗಿ ಇಲ್ಲಿನ ನಿಜವಾದ ಚಳಿಗಾಲಕ್ಕೆ ಮೂರು ಪಟ್ಟಿಗಳಿವೆ. ಮೇಲೆ ಹಿಮ, ಕೆಳಗೆ ನೀರು, ನಡುವೆ ತುಕ್ಕಿನ ಬಣ್ಣ. ಈ ಬಣ್ಣ ಬ್ರ್ಯಾಕನ್ ಎಂಬ ಜರೀಗಿಡದ್ದು. ಇಳಿಜಾರುಗಳ ತುಂಬ ಬೆಳೆಯುತ್ತದೆ, ಚಳಿ ಬಂತೆಂದರೆ ಒಣಗಿ ಕೆಂಪು ಮಿಶ್ರಿತ ಕಂದಾಗುತ್ತದೆ. ಗಿರಾಕಿಗಳಿಗೆ ಇದು ಕೊಳೆಯ ಹಾಗೆ ಕಾಣುತ್ತದೆ. "ಕಂಪ್ಯೂಟರಿನಲ್ಲಿ ಬಿಳಿ ಮಾಡಿಬಿಡಿ" ಅಂದವರೂ ಇದ್ದಾರೆ. ನಾನು ಮಾಡುವುದಿಲ್ಲ. ಅಲ್ಲಿ ಓಡಾಡಿದ ಯಾರಿಗಾದರೂ ಆ ಸುಳ್ಳು ತಕ್ಷಣ ಗೊತ್ತಾಗುತ್ತದೆ, ಮತ್ತು ಅಲ್ಲಿನ ಕ್ಯಾಲೆಂಡರ್ ಕೊಳ್ಳುವವರು ಹೆಚ್ಚಾಗಿ ಓಡಾಡಿದವರೇ. ಅದಲ್ಲದೆ ಆ ಕಂದು ಪಟ್ಟಿ ಪಕ್ಕದಲ್ಲಿದ್ದಾಗಲೇ ಹಿಮ ಬೆಳ್ಳಗೆ ಕಾಣುವುದು. ಮೋಡದ ದಿನ ಎಲ್ಲ ಬಿಳಿಯಾಗಿರುವ ಚಿತ್ರ ಅಚ್ಚಾಗಿ ಬಂದಾಗ ಸುಮ್ನೆ ಬೂದಿ ಬಳಿದಂತಿರುತ್ತದೆ. ಮಾತಿನಲ್ಲಿ ಒಪ್ಪದವರಿಗೆ ಎರಡೂ ಬಗೆಯ ಪ್ರಿಂಟ್ ಕಳಿಸುತ್ತೇನೆ. ಹೆಚ್ಚಿನವರು ಮೂರು ಪಟ್ಟಿಯದನ್ನೇ ಆರಿಸುತ್ತಾರೆ.

ಇನ್ನು ಬೆಳಕು. ಇದು ನಮ್ಮ ಕಡೆಯಿಂದ ಬಂದವರಿಗೆ ಅಭ್ಯಾಸವೇ ಇಲ್ಲದ ವಿಷಯ. ಡಿಸೆಂಬರ್ ಕೊನೆಗೆ ಇಲ್ಲಿ ಬೆಳಿಗ್ಗೆ ಎಂಟೂವರೆಗೆ ಸೂರ್ಯ ಹುಟ್ಟುತ್ತಾನೆ, ಸಂಜೆ ನಾಲ್ಕರೊಳಗೆ ಮುಳುಗುತ್ತಾನೆ. ನಡುಮಧ್ಯಾಹ್ನವೂ ದಕ್ಷಿಣ ದಿಗಂತದಿಂದ ಬರೀ 12 ಡಿಗ್ರಿ ಮೇಲೆ. ಆ ಕೋನದಲ್ಲಿ 700 ಮೀಟರ್ ಎದ್ದು ನಿಂತ ಗುಡ್ಡದ ನೆರಳು ಮೂರು ಕಿಲೋಮೀಟರ್ ದಾಟುತ್ತದೆ. ಬಟರ್ಮಿಯರ್ ಸರೋವರದ ನೈಋತ್ಯಕ್ಕೆ ಹೈ ಸ್ಟೈಲ್ ಸಾಲು ಇದೆ, 807 ಮೀಟರ್. ಮೇ ತಿಂಗಳಲ್ಲಿ ಆ ಜಾಗ ಸ್ವರ್ಗ. ಡಿಸೆಂಬರಿನಲ್ಲಿ ನೆರಳಿನ ಬಾವಿ. ಅದೇ ಆಶ್‌ನೆಸ್ ಸೇತುವೆಯ ಬಳಿ ನಿಂತು ಉತ್ತರಕ್ಕೆ ನೋಡಿದರೆ ಡರ್ವೆಂಟ್‌ವಾಟರ್, ಅದರ ಹಿಂದೆ 931 ಮೀಟರಿನ ಸ್ಕಿಡ್ಡಾ. ಬಿಸಿಲು ನಮ್ಮ ಬೆನ್ನ ಹಿಂದಿನಿಂದ ಬೆಟ್ಟದ ಮುಖಕ್ಕೇ ಬೀಳುತ್ತದೆ. ಹೊಸದಾಗಿ ಸೇರುವ ಹುಡುಗರು ಎಲ್ಲಿಗೆ ಹೋಗೋಣ ಅಂತ ಹವಾಮಾನ ನೋಡಿ ಕೇಳುತ್ತಾರೆ. ಮೊದಲು ಭೂಪಟದಲ್ಲಿ ದಕ್ಷಿಣಕ್ಕೆ ಏನಿದೆ ನೋಡಿ ಅನ್ನುತ್ತೇನೆ.

ಹವಾಮಾನವೂ ಬೇಕು, ಇಲ್ಲವೆಂದಲ್ಲ. ಚಳಿಗಾಲದಲ್ಲಿ ದಿನಾ ಒಬ್ಬರು ಹೆಲ್ವೆಲಿನ್ ಹತ್ತಿ ಹಿಮದ ಆಳ, ಗಾಳಿ, ಉಷ್ಣಾಂಶ ಅಳೆದು ವರದಿ ಕೊಡುತ್ತಾರೆ. ಅದಕ್ಕೆಂದೇ ನ್ಯಾಷನಲ್ ಪಾರ್ಕ್‌ನವರು ನೇಮಿಸಿದ ಜನ. ವೆದರ್‌ಲೈನ್ ಎಂಬ ಅವರ ಹವಾಮಾನ ಸೇವೆಯಲ್ಲಿ ಬರುವ ಆ ವರದಿ ಚಾರಣಿಗರ ಜೀವ ಉಳಿಸಲಿಕ್ಕೆ ಇರುವುದು, ನನಗೆ ಪೆಟ್ರೋಲನ್ನೂ ಉಳಿಸುತ್ತದೆ. ಹಿಮ ಇಲ್ಲದ ದಿನ ಇಲ್ಲ ಅಂತ ನೇರವಾಗಿ ಬರೆದಿರುತ್ತಾರೆ. ಪ್ರತಿಬಿಂಬ ಬೇಕಿದ್ದರೆ ಗಾಳಿ ನಿಂತಿರಬೇಕು. ಆಕಾಶ ತಿಳಿಯಾಗಿದ್ದ ರಾತ್ರಿಯ ಮಾರನೇ ಬೆಳಿಗ್ಗೆ ಸಿಗುವ ಸಾಧ್ಯತೆ ಹೆಚ್ಚು.

ಕ್ಯಾಮೆರಾದ ವಿಷಯ ಸ್ವಲ್ಪವೇ. ಅದರೊಳಗಿನ ಬೆಳಕು ಅಳೆಯುವ ಮೀಟರಿಗೆ ಹಿಮವೂ ಬೂದುಬಣ್ಣವೇ. ಅದರ ಮಾತು ಕೇಳಿದರೆ ಹಿಮ ಮಂಕಾಗುತ್ತದೆ, ಒಂದರಿಂದ ಎರಡು ಸ್ಟಾಪ್ ಎಕ್ಸ್‌ಪೋಷರ್ ಹೆಚ್ಚಿಸಬೇಕು (ಒಂದು ಸ್ಟಾಪ್ ಅಂದರೆ ಎರಡರಷ್ಟು ಬೆಳಕು). ಹಿಮದ ಮೇಲಿನ ನೆರಳು ನೀಲಿಯಾಗಿ ಬಂದರೆ ಗಾಬರಿ ಬೇಡ, ಅಲ್ಲಿ ಬೀಳುವುದು ಆಕಾಶದ ಬೆಳಕು, ಹಾಗೇ ಬಿಡಿ. ಬ್ಯಾಟರಿ ಒಳಜೇಬಿನಲ್ಲಿರಲಿ. ಬೆಚ್ಚಗಿನ ಕೋಣೆಗೆ ಬಂದ ತಕ್ಷಣ ಬ್ಯಾಗ್ ತೆರೆಯಬೇಡಿ, ಲೆನ್ಸಿನ ಮೇಲೆಲ್ಲ ನೀರು ಕೂರುತ್ತದೆ.

ಈಗ ಒಪ್ಪಂದದಲ್ಲಿ ಇಂಥ ದಿನ ಅಂತ ಬರೆಯುವುದಿಲ್ಲ. ಡಿಸೆಂಬರಿನಿಂದ ಮಾರ್ಚ್‌ವರೆಗೆ, ಹಿಮ ಬಂದಾಗ ಅಂತ ಬರೆಯುತ್ತೇನೆ. ಮಾರ್ಚ್ ಆದರೂ ಆದೀತು, ಹಿಮ ಆಗಲೂ ಬೀಳುತ್ತದೆ, ಬಿಸಿಲೂ ಎತ್ತರಕ್ಕೆ ಬಂದಿರುತ್ತದೆ. ಜನವರಿ ಪುಟದ ಚಿತ್ರವನ್ನು ಜನವರಿಯಲ್ಲೇ ತೆಗೆದಿದ್ದಾ ಅಂತ ಇವತ್ತಿನವರೆಗೆ ಯಾರೂ ಕೇಳಿಲ್ಲ.