ಲ್ಯಾಪ್‌ಟಾಪ್ ಮುಚ್ಚಿ ತೆರೆದರೆ ನೆಟ್ ಹೋಗುತ್ತಿತ್ತು

ಮಗಳ ಲ್ಯಾಪ್‌ಟಾಪಿಗೂ ನನ್ನದಕ್ಕೂ ಒಂದೇ ಡಿಎನ್‌ಎಸ್ ಫಿಲ್ಟರ್ ಹಾಕಿ ಎರಡು ವರ್ಷವಾಯಿತು. ತಾಣದ ಹೆಸರನ್ನು ಐಪಿ ವಿಳಾಸಕ್ಕೆ, ಅಂದರೆ ಕಂಪ್ಯೂಟರುಗಳು ಬಳಸುವ ಸಂಖ್ಯೆಗೆ, ಬದಲಿಸಿಕೊಡುವ ವ್ಯವಸ್ಥೆ ಡಿಎನ್‌ಎಸ್; ಬೇಡದ ತಾಣಗಳನ್ನು ಆ ಹಂತದಲ್ಲೇ ತಡೆಯುವುದು ಫಿಲ್ಟರಿನ ಕೆಲಸ. ಅಷ್ಟೂ ದಿನ ಅದರ ಮೇಲೆ ನನಗಿದ್ದ ದೂರು ಒಂದೇ: ಲ್ಯಾಪ್‌ಟಾಪನ್ನು ಮನೆಯಲ್ಲಿ ಮುಚ್ಚಿ ಬೇರೊಂದು ಊರಿನಲ್ಲಿ ತೆರೆದರೆ ವೈಫೈ ಸಿಕ್ಕಿರುತ್ತಿತ್ತು, ನೆಟ್ ಮಾತ್ರ ಇರುತ್ತಿರಲಿಲ್ಲ. ಕಳೆದ ವಾರ ಬಂದ ಅಪ್‌ಡೇಟ್ ಆ ದೂರನ್ನು ಬಹುಮಟ್ಟಿಗೆ ತೀರಿಸಿದೆ.

ಈ ಫಿಲ್ಟರಿಗಾಗಿ ಲ್ಯಾಪ್‌ಟಾಪಿನಲ್ಲಿ ಕೂರುವ ಕ್ಲೈಂಟ್ ತಂತ್ರಾಂಶವು ಮೊದಲು ಮಾಡುವ ಕೆಲಸವೆಂದರೆ ಕಂಪ್ಯೂಟರಿನ ಡಿಎನ್‌ಎಸ್ ವಿಳಾಸವನ್ನು 127.0.0.1ಕ್ಕೆ, ಅಂದರೆ ಆ ಕಂಪ್ಯೂಟರಿಗೇ, ತಿರುಗಿಸುವುದು. ಆಮೇಲೆ ಬ್ರೌಸರ್ ಕೇಳುವ ಪ್ರತಿಯೊಂದು ತಾಣದ ಹೆಸರೂ ಕ್ಲೈಂಟಿನ ಕೈದಾಟಿಯೇ ಹೋಗಬೇಕು. ಅದು ಜೂಜಿನ ಅಥವಾ ವಂಚನೆಯ ತಾಣವಾದರೆ ಅಲ್ಲಿಯೇ ತಡೆ, ಇಲ್ಲವಾದರೆ ಐಪಿ ವಿಳಾಸ ದೊರೆಯುತ್ತದೆ. ಕ್ಲೈಂಟ್ ಅಕಸ್ಮಾತ್ ನಿಂತುಹೋದರೂ ಆ 127.0.0.1 ಮಾತ್ರ ಹಾಗೆಯೇ ಉಳಿಯುತ್ತಿತ್ತು. ಆಗ ಗೂಗಲ್‌ನ ಸರ್ವರಾದ 8.8.8.8ಕ್ಕೆ ಪಿಂಗ್ ಮಾಡಿದರೆ, ಅಂದರೆ ಅದು ತಲುಪುತ್ತದೆಯೇ ಎಂದು ಪರೀಕ್ಷಿಸಿದರೆ, ಉತ್ತರ ಬರುತ್ತಿತ್ತು, ತಾಣದ ಹೆಸರು ಹೊಡೆದರೆ ಪುಟ ತೆರೆಯುತ್ತಿರಲಿಲ್ಲ. ಮನೆಯಲ್ಲಿ ಬೈಗುಳ ಬೀಳುತ್ತಿದ್ದುದು, ಪಾಪ, ಬ್ರಾಡ್‌ಬ್ಯಾಂಡಿನವರಿಗೆ.

ಇದಕ್ಕಿಂತ ದೊಡ್ಡ ಫಜೀತಿ ಲಾಗಿನ್ ಪುಟವಿರುವ ವೈಫೈಯದು. ಹುಬ್ಬಳ್ಳಿ ರೈಲು ನಿಲ್ದಾಣದಲ್ಲಿ ಒಮ್ಮೆ ಅರ್ಧ ಗಂಟೆ ಒದ್ದಾಡಿದ್ದೇನೆ. ವೈಫೈಗೆ ಸೇರಿದೊಡನೆ ಮೊಬೈಲ್ ಸಂಖ್ಯೆ ಕೇಳಿ ಒಟಿಪಿ ಕಳಿಸುವ ಪುಟ ಮೂಡಬೇಕು. ನಮ್ಮ ಕೋರಿಕೆಯನ್ನು ಅಲ್ಲಿನ ಜಾಲವು ನಡುದಾರಿಯಲ್ಲಿ ಹಿಡಿದು ತನ್ನ ಪುಟದತ್ತ ತಿರುಗಿಸುವುದರಿಂದಲೇ ಅದು ಮೂಡುತ್ತದೆ. ಆದರೆ ಈ ಕ್ಲೈಂಟ್ ತಾಣದ ಹೆಸರು ಕೇಳುವ ಕೋರಿಕೆಗಳೆಲ್ಲವನ್ನೂ ಎನ್‌ಕ್ರಿಪ್ಟ್ ಮಾಡಿ ತನ್ನ ಸರ್ವರಿಗಷ್ಟೇ ಕಳಿಸುತ್ತಿತ್ತು. ಒಟಿಪಿ ಕೊಡದೆ ಜಾಲ ಅದನ್ನು ಹೊರಗೆ ಬಿಡದು, ಹೊರಗೆ ಹೋಗದೆ ಒಟಿಪಿ ಪುಟದ ವಿಳಾಸ ಸಿಗದು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು!

ಹೊಸ ಆವೃತ್ತಿಯು ಈ ಗಂಟನ್ನು ವಿಂಡೋಸ್ ಮಾಡುವ ರೀತಿಯಲ್ಲೇ ಬಿಡಿಸಿದೆ. ವಿಂಡೋಸ್ ಪ್ರತಿ ಹೊಸ ಜಾಲದಲ್ಲಿ ಒಂದು ಪುಟ್ಟ ಪಠ್ಯ ಕಡತವನ್ನು ತರಿಸಿ ನೋಡುತ್ತದೆ. 'ಮೈಕ್ರೋಸಾಫ್ಟ್ ಕನೆಕ್ಟ್ ಟೆಸ್ಟ್' ಎಂಬ ಮೂರೇ ಪದಗಳು ಬಂದರೆ ದಾರಿ ಸಲೀಸಾಗಿದೆ, ಬೇರೇನಾದರೂ ಬಂದರೆ ನಡುವೆ ಯಾರೋ ನಿಂತಿದ್ದಾರೆ ಎಂದರ್ಥ. ಕ್ಲೈಂಟ್ ಕೂಡ ಈಗ ನಿದ್ದೆಯಿಂದ ಎದ್ದಾಗಲೆಲ್ಲ ಹೀಗೆಯೇ ಪರೀಕ್ಷಿಸಿ, ಲಾಗಿನ್ ಪುಟವಿದ್ದರೆ ತಾನು ಪಕ್ಕಕ್ಕೆ ಸರಿದು ಆ ಜಾಲದ್ದೇ ಡಿಎನ್‌ಎಸ್‌ಗೆ ಎಡೆಮಾಡಿಕೊಟ್ಟು, ಲಾಗಿನ್ ಮುಗಿದೊಡನೆ ಮರಳುತ್ತದೆ. ಜೊತೆಗೆ, ಡಿಎನ್‌ಎಸ್ ಕೋರಿಕೆಯನ್ನು ಎನ್‌ಕ್ರಿಪ್ಟ್ ಮಾಡಿ ಕಳಿಸುವ ಒಂದು ವಿಧಾನವಾದ ಡಿಎನ್‌ಎಸ್ ಓವರ್ ಟಿಎಲ್‌ಎಸ್ ಬಳಸುವ 853ನೇ ಪೋರ್ಟನ್ನು (ಜಾಲದ ಬಾಗಿಲನ್ನು) ಯಾರಾದರೂ ಮುಚ್ಚಿದ್ದರೆ, 2018ರಲ್ಲಿ ಪ್ರಮಾಣಿತವಾದ ಇನ್ನೊಂದು ವಿಧಾನ ಡಿಎನ್‌ಎಸ್ ಓವರ್ ಎಚ್‌ಟಿಟಿಪಿಎಸ್‌ಗೆ ತಾನಾಗಿ ಬದಲಾಗುತ್ತದೆ. ಅದು ಮಾಮೂಲಿ ವೆಬ್ ಸಂಚಾರದ 443ರಲ್ಲೇ ಹೋಗುವುದರಿಂದ ಆ ಪೋರ್ಟನ್ನು ಮುಚ್ಚುವ ಧೈರ್ಯ ಯಾರಿಗೂ ಬಾರದು.

ಕ್ಲೈಂಟ್ ಸತ್ತರೆ ಏನಾಗಬೇಕೆಂಬುದನ್ನು ಈಗ ನಾವೇ ಆರಿಸಬಹುದು: ಹಳೆಯ ಡಿಎನ್‌ಎಸ್ ವಿಳಾಸವನ್ನು ಮರಳಿಸಬೇಕೋ, ಎಲ್ಲವನ್ನೂ ತಡೆಹಿಡಿಯಬೇಕೋ. ನನ್ನದರಲ್ಲಿ ಮೊದಲನೆಯದನ್ನು, ಮಗಳದರಲ್ಲಿ ಎರಡನೆಯದನ್ನು ಇಟ್ಟಿದ್ದೇನೆ. ಹನ್ನೆರಡರ ಹುಡುಗಿಗೆ, ಓಡುತ್ತಿರುವ ತಂತ್ರಾಂಶವನ್ನು ನಿಲ್ಲಿಸಬಲ್ಲ ಟಾಸ್ಕ್ ಮ್ಯಾನೇಜರ್ ಎಲ್ಲಿದೆಯೆಂದು ಚೆನ್ನಾಗಿಯೇ ಗೊತ್ತು.

ಹೊರಗಿನಿಂದ ಆಫೀಸಿನ ಜಾಲಕ್ಕೆ ಸೇರಿಸುವ ವಿಪಿಎನ್ ಹಾಕಿದಾಗ ಅಲ್ಲಿನ ಒಳಜಾಲದ ಹೆಸರುಗಳು ಇನ್ನೂ ಸಿಗುತ್ತಿಲ್ಲ. ಅವನ್ನು ಹೊರಗಿನ ಸರ್ವರಿಗೆ ಕಳಿಸದಂತೆ ಪಟ್ಟಿಯೊಂದರಲ್ಲಿ ಕೈಯಾರೆ ಸೇರಿಸುತ್ತಿದ್ದೇನೆ, ಪ್ರಿಂಟರಿನ ಹೆಸರು ಸೇರಿಸುವುದು ಬಾಕಿ ಇದೆ.