ತೆನೆಹಬ್ಬಕ್ಕೆ ಹೋದ ಮಿಶನ್‌ದ ಪೊಣ್ಣು

ಮಂಗಳೂರಿನಲ್ಲಿ ಕ್ರಿಶ್ಚಿಯನ್ ಅಂದ ಕೂಡಲೇ ಎದುರಿನವರು ಕೊಂಕಣಿಗೆ ಹೊರಳುತ್ತಾರೆ. ನನಗೆ ಕೊಂಕಣಿ ಬಾರದು ಅಂದರೆ ಮುಖದಲ್ಲಿ ಸಣ್ಣ ಅನುಮಾನ. ನಾವು ಬಲ್ಮಠದ ಕಡೆಯವರು, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಕಾಲದಿಂದ ಪ್ರಾಟೆಸ್ಟೆಂಟರು, ಈಗ ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ. ಮನೆಮಾತು ತುಳು, ಪ್ರಾರ್ಥನೆ ಕನ್ನಡ. ನಮ್ಮ ಸಭೆಯಲ್ಲಿ ಕೊಂಕಣಿ ಮಾತಿನ ಕಥೊಲಿಕರ ಡಿಸೋಜ, ಪಿಂಟೊಗಳನ್ನು ಹುಡುಕಬೇಕು. ಸೋನ್ಸ್, ಅಮ್ಮನ್ನ, ಸಾಲಿನ್ಸ್, ಕರ್ಕಡ ಬೇಕಾದಷ್ಟು ಸಿಗುತ್ತಾರೆ. ಮಿಶನರಿಗಳು ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ. ದೀಕ್ಷಾಸ್ನಾನ ಪಡೆದ ಹಿರಿಯರನ್ನು ಕುಟುಂಬದವರು ಹೊರಗಿಟ್ಟರು, ಕುಲಕಸುಬೂ ಹೋಯಿತು. ಅಂಥವರ ಹೊಟ್ಟೆಪಾಡಿಗೆಂದೇ ಮಿಶನ್ ಮಗ್ಗ ಹಾಕಿತು, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಕಥೊಲಿಕರ ಮನೆಗಳಲ್ಲಿ ಹೇಳುವ ಕಥೆ ಬೇರೆಯೇ. ಗೋವಾದಿಂದ ಬಂದದ್ದು, 1784ರಲ್ಲಿ ಟಿಪ್ಪು ಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದು, 1799ರ ನಂತರ ಬದುಕುಳಿದವರು ಮರಳಿದ್ದು. ನಾವು ಅವರ ಕಥೆಯನ್ನು ಕೂತು ಕೇಳಿದ್ದಿಲ್ಲ, ಅವರು ನಮ್ಮದನ್ನು.

2008ರ ಸೆಪ್ಟೆಂಬರಿನಲ್ಲಿ ಊರಿನ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಗಳಾದಾಗ ಮಾತ್ರ ಈ ಲೆಕ್ಕ ಯಾರೂ ಕೇಳಲಿಲ್ಲ. ಆ ವಾರ ಎಲ್ಲ ಮನೆಗೂ ಒಂದೇ ಥರದ ಫೋನು: ಜಾಗ್ರತೆ, ಮಕ್ಕಳನ್ನು ಹೊರಗೆ ಬಿಡಬೇಡಿ.

ತಂಗಿ ಮದುವೆಯಾಗಿ ಹೋದದ್ದು ಶಿರ್ವದ ಹತ್ತಿರದ ಕಥೊಲಿಕ ಮನೆಗೆ. ಅವಳ ಅತ್ತೆ, ಎಲ್ಲರ ಬಾಯಲ್ಲೂ 'ಮಾಂಯ್', ಪ್ರತಿ ಸಲ ಮೊಂತಿ ಫೆಸ್ತಿಗೆ ಕರೆಯುತ್ತಿದ್ದರು. ಕೊನೆಗೂ ಒಂದು ಸೆಪ್ಟೆಂಬರ್ 8ಕ್ಕೆ ರಜೆ ಹಾಕಿ ಹೋದೆ. ಕಟಪಾಡಿಯಲ್ಲಿ ಇಳಿದು ಶಿರ್ವದ ಬಸ್ ಹತ್ತಿದರೆ ಒಳಗೆ ಹೂವಿನ ಬುಟ್ಟಿ ಹಿಡಿದ ಮಕ್ಕಳು. ದಾಸವಾಳ, ಗೊಂಡೆ, ಗೋರಂಟೆ, ಗುಡ್ಡೆಯ ಹೆಸರಿಲ್ಲದ ಹೂಗಳೂ. ಹಬ್ಬಕ್ಕೆ ಮೊದಲಿನ ಒಂಬತ್ತು ದಿನದ ಪ್ರಾರ್ಥನೆ, ನೊವೇನಕ್ಕೂ ಹೀಗೇ ತರುತ್ತಾರಂತೆ. ಬಾಲೆ ಮರಿಯಳ ಜನ್ಮದಿನ, ಜತೆಗೆ ಹೊಸ ಭತ್ತದ ಹಬ್ಬ.

ಇಗರ್ಜಿಯ, ಅಂದರೆ ಚರ್ಚಿನ ಅಂಗಳದಲ್ಲಿ ಪಾದ್ರಿಗಳು ತೆನೆಯ ಕಟ್ಟುಗಳನ್ನು ಆಶೀರ್ವದಿಸಿದರು, ಮಕ್ಕಳು ಹಾಡುತ್ತ ಹೂ ಎರಚಿದರು, ಮೆರವಣಿಗೆಯಲ್ಲಿ ಎಲ್ಲರೂ ಒಳಗೆ ಬಂದೆವು. ಬಲಿಪೂಜೆ ಪೂರ್ತಿ ಕೊಂಕಣಿ. ಆದರೂ ನಾನು ಎಲ್ಲೂ ದಾರಿ ತಪ್ಪಲಿಲ್ಲ. ಪಾಪನಿವೇದನೆ, ವಾಚನ, ವಿಶ್ವಾಸಪ್ರಮಾಣ, ನಮ್ಮಲ್ಲಿರುವುದೇ. ಅವರು 'ಆಮ್ಚ್ಯಾ ಬಾಪಾ' ಶುರು ಮಾಡಿದಾಗ ನಾನು 'ಪರಲೋಕದಲ್ಲಿರುವ ನಮ್ಮ ತಂದೆಯೇ' ಅಂದೆ, ಎರಡು ಸಾಲು ಮೊದಲೇ ಮುಗಿಸಿ ಅವರಿಗೆ ಕಾದೆ.

ಪವಿತ್ರ ರೊಟ್ಟಿ ಕೊಡುವ ಪರಮಪ್ರಸಾದದ ಹೊತ್ತಿಗೆ ಬೆಂಚು ಖಾಲಿಯಾಗತೊಡಗಿತು. ಮಾಂಯ್ ಎದ್ದರು, ತಂಗಿಯ ಗಂಡ ಎದ್ದ, ಹೊಸದಾಗಿ ಪ್ರಥಮ ಪರಮಪ್ರಸಾದ ಪಡೆದಿದ್ದ ಅವಳ ಮಗಳು ಕೈಮುಗಿದುಕೊಂಡು ಸಾಲಿಗೆ ಸೇರಿದಳು. ತಂಗಿ ಮಾತ್ರ ಕಾಲು ಮಡಚಿ ಅವರಿಗೆ ದಾರಿ ಬಿಟ್ಟಳು. ಮದುವೆಗೆ ಬಿಶಪರ ಅನುಮತಿ ಸಿಕ್ಕಿತ್ತು, ಮಕ್ಕಳನ್ನು ಕಥೊಲಿಕರಾಗಿ ಬೆಳೆಸುವುದಾಗಿ ಗಂಡ ಮಾತು ಕೊಟ್ಟಿದ್ದ. ಇವಳು ಸಿಎಸ್‌ಐಯವಳಾಗಿಯೇ ಉಳಿದಿದ್ದಳು. ಇಷ್ಟೆಲ್ಲ ನನಗೆ ಗೊತ್ತಿತ್ತು. ಆದರೆ ಮಗಳು ಹೋಗಿ ತಾಯಿ ಕೂತಿರುವುದನ್ನು ಕಣ್ಣಾರೆ ನೋಡಿದ್ದು ಅದೇ ಮೊದಲು.

"ಬೇಜಾರಾಗುದಿಲ್ವಾ?" ಅಂತ ಪಿಸುಗುಟ್ಟಿದೆ.

"ಮೊದಮೊದಲು ಆಗ್ತಿತ್ತು ಅಕ್ಕ. ಈಗ ಅವಳು ಬರುವವರೆಗೆ ಅವಳಿಗೋಸ್ಕರ ಪ್ರಾರ್ಥನೆ ಮಾಡ್ತೇನೆ. ಅಷ್ಟು ಹೊತ್ತು ಬೇರೆ ಯಾವಾಗ ಸಿಗ್ತದೆ ಹೇಳು."

ಕಥೊಲಿಕರಲ್ಲದವರಿಗೆ ಪರಮಪ್ರಸಾದ ಇಲ್ಲ ಎಂಬ ಈ ನಿಯಮದ ಬಗ್ಗೆ ನನಗೆ ಸಿಟ್ಟಿಲ್ಲ. ನಮ್ಮಲ್ಲೂ ದೃಢೀಕರಣವಾಗದ, ಅಂದರೆ ಇನ್ನೂ ಸಭೆಯ ಪೂರ್ಣ ಸದಸ್ಯರಾಗದ ಹುಡುಗರು ರೊಟ್ಟಿ ಹಂಚುವ ಕರ್ತನ ಭೋಜನದ ಹೊತ್ತಿಗೆ ಬೆಂಚಿನಲ್ಲೇ ಕೂತು ಬೆಳೆದವರು. ರೊಟ್ಟಿಯಲ್ಲಿ ಏನಿದೆ ಎಂಬ ಬಗ್ಗೆ ಎರಡು ಸಭೆಗಳ ನಂಬಿಕೆ ಒಂದೇ ಅಲ್ಲ. ಒಂದೇ ಎಂದು ನಟಿಸಿ ಸಾಲಿನಲ್ಲಿ ನಿಲ್ಲುವುದಕ್ಕಿಂತ ಕೂತಿರುವುದೇ ನೆಟ್ಟಗಿನ ಕೆಲಸ ಅನ್ನಿಸುತ್ತದೆ. ಹಾಗಂತ ನೋವಿಲ್ಲವೆಂದಲ್ಲ. ನಿಯಮ ಬರೆಯುವವರು ಯಾವಾಗಲಾದರೂ ತಂಗಿಯ ಪಕ್ಕ ಹತ್ತು ನಿಮಿಷ ಕೂರಬೇಕು.

ಪೂಜೆ ಮುಗಿದ ಮೇಲೆ ವಾಡೆಯ ಗುರ್ಕಾರರು, ಅಂದರೆ ನಮ್ಮ ಕೇರಿಯ ಮುಖಂಡರು, ತೆನೆ ಹಂಚಿದರು. ಅಲ್ಲಿ ಯಾರು ಏನು ಎಂಬ ಪ್ರಶ್ನೆಯಿಲ್ಲ. ಮನೆಯಲ್ಲಿ ಎಷ್ಟು ಜನ ಅಂತಷ್ಟೇ ಕೇಳುತ್ತಾರೆ. ಮಾಂಯ್ ನನ್ನನ್ನೂ ಸೇರಿಸಿಯೇ ಹೇಳಿದರು. ಗುರ್ಕಾರರು ನನ್ನ ಮುಖ ನೋಡಿದಾಗ, "ಮಿಶನ್‌ದ ಪೊಣ್ಣು (ಮಿಶನ್‌ನ ಹುಡುಗಿ), ನಮ್ಮ ಸೊಸೆಯ ಅಕ್ಕ" ಎಂದು ತುಳುವಿನಲ್ಲಿ ಪರಿಚಯವೂ ಆಯಿತು. ಅವರು ಇನ್ನೊಂದು ತೆನೆ ಎಳೆದು ಕೊಟ್ಟರು. ಮಕ್ಕಳಿಗೆ ಕಬ್ಬಿನ ತುಂಡು.

ಮನೆಯಲ್ಲಿ ಆಲ್ತಾರಿನ ಮುಂದೆ ಮೇಣದಬತ್ತಿ ಹಚ್ಚಿ ಪ್ರಾರ್ಥನೆಯಾಯಿತು. ಮಾಂಯ್ ಭತ್ತವನ್ನು ಒಂದೊಂದಾಗಿ ಉಗುರಿನಿಂದ ಸುಲಿದರು. ಕೆಲವು ಕಾಳು ತೀರಾ ಎಳತು, ಒತ್ತಿದರೆ ಹಾಲು. ಸುಲಿದ ಅಕ್ಕಿಯನ್ನು ಜಜ್ಜಿ ಬೆಲ್ಲ ಹಾಕಿದ ತೆಂಗಿನ ಹಾಲಿಗೆ ಬೆರೆಸಿ ಎಲ್ಲರಿಗೂ ಒಂದೊಂದು ಚಮಚ. ಅದಕ್ಕೆ ಮೊದಲೇ ನಾಲ್ಕಾರು ಕಾಳು ಕವರಿಗೆ ಸೇರಿದ್ದವು, ಕುವೈತಿನಲ್ಲಿರುವ ಮಗನಿಗೆ. ಅವನು ವಿಡಿಯೋ ಕಾಲ್‌ನಲ್ಲಿ ಬಾಯಿ ತೆರೆದು ತೋರಿಸಿದ, ಮಾಂಯ್ ಬೈದರು.

ಊಟದಲ್ಲಿ ಒಂದು ತುಂಡು ಮೀನೂ ಇರಲಿಲ್ಲ! ಕ್ರಿಶ್ಚಿಯನ್ನರ ಹಬ್ಬ ಅಂದರೆ ಹಂದಿಮಾಂಸ, ವೈನು ಅಂತ ನಗುವವರನ್ನು ಆ ದಿನ ಕರೆತರಬೇಕು. ಬಾಳೆಲೆಯಲ್ಲಿ ಅಲಸಂಡೆ, ಬೆಂಡೆ, ಹೀರೆ, ಹರಿವೆ ದಂಟು, ಕೆಸುವು, ಪತ್ರೊಡೆ, ಕಡಲೆ. ಪದಾರ್ಥಗಳ ಸಂಖ್ಯೆ ಬೆಸವೇ ಆಗಬೇಕು. ಕೊನೆಗೆ ಹೆಸರುಬೇಳೆಯ ಪಾಯಸ, ವೊರ್ನ್. ಪಕ್ಕದ ಬಂಟರ ಮನೆಯ ಶೆಡ್ತಿಯೂ ಬಂದು ಕೂತರು. ಅವರ ಮನೆಯ ಬಾಗಿಲಿಗೂ ತೆನೆ ಕಟ್ಟುತ್ತಾರೆ, ಹೊಸ ಅಕ್ಕಿಯ ಪುದ್ದರ್ ಊಟವಿದೆ. "ನಿಮ್ಮಲ್ಲಿ ಏನು ಮಾಡ್ತಾರೆ?" ಅಂತ ನನ್ನನ್ನು ಕೇಳಿದರು.

ನಮ್ಮಲ್ಲಿ ಏಲಂ! ಕೊಯ್ಲಿನ ಹಬ್ಬಕ್ಕೆ ಮನೆಯಲ್ಲಿ ಬೆಳೆದದ್ದನ್ನು ದೇವಾಲಯಕ್ಕೆ ತಂದು, ಆರಾಧನೆಯ ನಂತರ ಅಂಗಳದಲ್ಲಿ ಏಲಂ ಕೂಗುತ್ತಾರೆ. ಅಂಗಡಿಯಲ್ಲಿ ಐವತ್ತು ರೂಪಾಯಿಯ ಪಪ್ಪಾಯಿ ಐನೂರಕ್ಕೆ ಹೋಗುತ್ತದೆ, ಕೊಂಡವರು ಮತ್ತೆ ಏಲಂಗೇ ಕೊಡುತ್ತಾರೆ, ಅದೇ ಪಪ್ಪಾಯಿ ಇನ್ನೊಮ್ಮೆ ಮಾರಾಟ. ಶೆಡ್ತಿ ನಕ್ಕು ನಕ್ಕು ನೀರು ಕುಡಿದರು. ಮಾಂಯ್ ನಗಲಿಲ್ಲ, ಎದ್ದು ಹಿತ್ತಿಲಿಗೆ ಹೋದರು.

ನಾನು ಹೊರಡುವಾಗ ಚೀಲದಲ್ಲಿ ಐದಾರು ಕಿಲೋದ ಸಿಹಿಗುಂಬಳ ಇತ್ತು.

"ಕೊಯ್ಲಿನ ಹಬ್ಬದವರೆಗೆ ಹಾಳಾಗುದಿಲ್ಲ, ಅಟ್ಟದಲ್ಲಿಡು. ಮುನ್ನೂರಕ್ಕಿಂತ ಕಡಿಮೆಗೆ ಬಿಟ್ಟರೆ ಮುಂದಿನ ವರ್ಷ ಇಲ್ಲಿಗೆ ಬರ್ಲಿಕ್ಕಿಲ್ಲ."