ಪಶ್ಚಿಮಕ್ಕೆ ಮುಖ ಮಾಡಿ

ಕಳೆದ ಈಸ್ಟರ್ ಜಾಗರಣೆಯಲ್ಲಿ ಮೇಣದಬತ್ತಿ ಹಿಡಿದು ನಿಂತಿದ್ದಾಗ ದೀಕ್ಷಾಸ್ನಾನದ, ಅಂದರೆ ಕ್ರೈಸ್ತರಾಗುವ ನೀರಿನ ಸಂಸ್ಕಾರದ, ಪ್ರತಿಜ್ಞೆಯನ್ನು ನವೀಕರಿಸಲು ಗುರುಗಳು ಎಂದಿನಂತೆ ಕೇಳಿದರು: ಸೈತಾನನನ್ನು ತ್ಯಜಿಸುವಿರಾ? ನಲವತ್ತು ವರ್ಷಗಳಿಂದ ಸರಾಗವಾಗಿ ಕೊಟ್ಟುಕೊಂಡು ಬಂದ ಉತ್ತರ ಈ ಸಲ ಗಂಟಲಲ್ಲಿ ನಿಂತಿತು.

ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ ನಾನು ನಾಲ್ಕನೆಯ ಶತಮಾನದ ಜೆರುಸಲೇಮಿನ ದೀಕ್ಷಾಸ್ನಾನದ ಬಗ್ಗೆ ಓದುತ್ತಿದ್ದೆ. ಅಲ್ಲಿಗೆ ಯಾತ್ರೆ ಹೋಗಿದ್ದ ಎಜೇರಿಯಾ ಎಂಬಾಕೆ ಬರೆದಿಟ್ಟಿದ್ದಾಳೆ: ದೀಕ್ಷಾಸ್ನಾನಕ್ಕೆ ಹೆಸರು ಕೊಟ್ಟವರ ನಡತೆಯನ್ನು ಬಿಷಪ್ ಮೊದಲು ನೆರೆಹೊರೆಯವರಲ್ಲಿ ವಿಚಾರಿಸುತ್ತಿದ್ದರು. ತಂದೆತಾಯಿಯನ್ನು ಗೌರವಿಸುತ್ತಾನೆಯೇ, ಕುಡುಕನೇ, ಸುಳ್ಳುಗಾರನೇ? ದೋಷ ಕಂಡರೆ, ತಿದ್ದಿಕೊಂಡು ಬಾ ಎಂದು ಕಳುಹಿಸುತ್ತಿದ್ದರು. ನನ್ನ ಪಕ್ಕದ ಮನೆಯವರನ್ನು ಕೇಳಿದ್ದರೆ ಏನು ಹೇಳುತ್ತಿದ್ದರೋ!

ಆಮೇಲೆ ದೀಕ್ಷಾಸ್ನಾನದ ಆ ಈಸ್ಟರ್ ರಾತ್ರಿ. ಜೆರುಸಲೇಮಿನ ಬಿಷಪ್ ಸಿರಿಲ್ ಅವರ ಹೆಸರಿನಲ್ಲಿ ಉಳಿದಿರುವ ಉಪದೇಶಗಳಲ್ಲಿ ಅದರ ವಿವರವಿದೆ. ಹೊರಕೋಣೆಯಲ್ಲಿ ಕತ್ತಲೆಯ ದಿಕ್ಕಾದ ಪಶ್ಚಿಮಕ್ಕೆ ಮುಖ ಮಾಡಿ, ಸೈತಾನ ಎದುರಿಗೇ ನಿಂತಿರುವನೆಂಬಂತೆ ಕೈ ಚಾಚಿ ಅವನನ್ನು ತ್ಯಜಿಸಬೇಕು. ಬಳಿಕ ಪೂರ್ವಕ್ಕೆ ತಿರುಗಿ ವಿಶ್ವಾಸವನ್ನು ಸಾರಬೇಕು. ಒಳಗೆ ಹೋಗಿ ಉಟ್ಟ ಬಟ್ಟೆ ಕಳಚಬೇಕು. ನೆತ್ತಿಯಿಂದ ಪಾದದವರೆಗೆ ಎಣ್ಣೆ ಸವರಿ ಕೊಳಕ್ಕೆ ಇಳಿಸುತ್ತಾರೆ. ಮೂರು ಸಲ ಮುಳುಗಿ ಏಳುವುದು ಕ್ರಿಸ್ತ ಸಮಾಧಿಯಲ್ಲಿ ಕಳೆದ ಮೂರು ದಿನಗಳ ಗುರುತು. ಆ ನೀರೇ ನಿಮಗೆ ಗೋರಿ, ಅದೇ ತಾಯಿ ಎನ್ನುತ್ತದೆ ಉಪದೇಶ. ಈ ಮಾತನ್ನು ಓದಿ ಪುಸ್ತಕ ಮುಚ್ಚಿ ಬಹಳ ಹೊತ್ತು ಕುಳಿತಿದ್ದೆ.

ನನಗೆ ದೀಕ್ಷಾಸ್ನಾನವಾದಾಗ ನಾನು ಹನ್ನೆರಡು ದಿನದ ಕೂಸು. ತಲೆಯ ಮೇಲೆ ಒಂದಿಷ್ಟು ನೀರು, ಅಷ್ಟೇ. ಅದು ಕಡಿಮೆಯಾಯಿತೇ ಎಂಬ ಅಳುಕು ವರ್ಷಗಟ್ಟಲೆ ಇತ್ತು. ಅದನ್ನು ನೀಗಿಸಿದ್ದು ದಿದಾಖೆ ಎಂಬ ಆದಿ ಕ್ರೈಸ್ತಸಭೆಯ ಪುಟ್ಟ ಕೈಪಿಡಿ. ದೀಕ್ಷಾಸ್ನಾನವನ್ನು ಹರಿಯುವ ನೀರಿನಲ್ಲಿ ಕೊಡಿ, ಇಲ್ಲದಿದ್ದರೆ ಬೇರೆ ನೀರಿನಲ್ಲಿ, ತಣ್ಣೀರು ಆಗದಿದ್ದರೆ ಬಿಸಿನೀರಿನಲ್ಲಿ. ಎರಡೂ ಇಲ್ಲವೆಂದರೆ ತಲೆಯ ಮೇಲೆ ಮೂರು ಸಲ ಸುರಿಯಿರಿ ಎನ್ನುತ್ತದೆ ಅದು. ನೀರಿನ ಬರ ಬಲ್ಲವರು ಬರೆದ ಮಾತು ಎನಿಸಿತು. ಆದರೆ ಕೊಡುವವನೂ ಪಡೆಯುವವನೂ ಮೊದಲು ಉಪವಾಸವಿರಬೇಕು ಎಂಬಲ್ಲಿ ಮಾತ್ರ ರಿಯಾಯಿತಿ ಇಲ್ಲ.

ನನ್ನ ದೀಕ್ಷಾಸ್ನಾನದ ದಿನ, ಸೈತಾನನನ್ನು ತ್ಯಜಿಸುವೆ ಎಂದು ಕೂಸಾದ ನನ್ನ ಪರವಾಗಿ ಉತ್ತರಿಸಿದವರು ದೊಡ್ಡಮ್ಮ. ಈಸ್ಟರ್ ಮಧ್ಯಾಹ್ನ ಅವರಿಗೆ ಫೋನ್ ಮಾಡಿ, ಯಾವ ದಿಕ್ಕಿಗೆ ಮುಖ ಮಾಡಿ ನಿಂತಿದ್ದಿರಿ ಎಂದು ಕೇಳಿದೆ. ದಿಕ್ಕು ಅವರಿಗೆ ನೆನಪಿರಲಿಲ್ಲ. ನನಗೆ ಹೊದಿಸಿದ್ದ ಬಿಳಿ ಬಟ್ಟೆ ಇನ್ನೂ ತಮ್ಮ ಪೆಟ್ಟಿಗೆಯಲ್ಲಿದೆ, ಬಂದು ತೆಗೆದುಕೊಂಡು ಹೋಗು ಎಂದರು.